ಲಾಯದ ಅಂಗಳದ ಆರು ಕಿಟಕಿಗಳು

ಕಿಲ್‌ಕೊರನ್ ಲಾಯ, ಗಾಲ್ವೇ ಜಿಲ್ಲೆ
21 ಫೆಬ್ರವರಿ 1923

ಅಣ್ಣಾ ಫೆಸ್ಟಸ್,

ದೊಡ್ಡಮನೆ ಸುಟ್ಟುಹೋಯಿತು. ಮೊದಲು ಆ ಕಡೆ ಈ ಕಡೆ ನಾಲ್ಕು ಮಾತು ಬರೆದು ಆಮೇಲೆ ಇದನ್ನು ಹೇಳೋಣ ಅಂತಿದ್ದೆ. ಆಗಲಿಲ್ಲ.

ಹೋದ ಬುಧವಾರ, ಇನ್ನೂ ದೀಪ ಹಚ್ಚುವ ಹೊತ್ತು. ದೊರೆಗಳ ವಿರುದ್ಧ ಎದ್ದಿರುವ ದಂಗೆಯ ಹುಡುಗರು ಬಂದೂಕು ಹಿಡಿದು ಬೀಚ್ ಮರಗಳ ಸಾಲಿನಲ್ಲಿ ನಡೆದು ಬಂದರು. ಮುಖಕ್ಕೆ ಬಟ್ಟೆ ಕಟ್ಟಿದ್ದರು, ಆದರೂ ಎರಡು ಮೂರು ಜನರ ನಡಿಗೆಯಲ್ಲೇ ಯಾರ ಮಕ್ಕಳು ಅಂತ ತಿಳಿಯಿತು. ಹೆಸರು ಬರೆಯುವುದಿಲ್ಲ. ಕೂಗಾಡಲಿಲ್ಲ, ಹೊಡೆಯಲಿಲ್ಲ. ಅವರಲ್ಲಿ ಒಬ್ಬ ನಮ್ಮ ದೊರೆಸಾನಿ ಮಿಸೆಸ್ ಟಿಂಡಲ್ ಅವರ ಕುರ್ಚಿಯನ್ನು ತಾನೇ ಎತ್ತಿ ಹುಲ್ಲುಹಾಸಿನ ಮೇಲೆ ಇಟ್ಟು "ಕೂತ್ಕೊಳ್ಳಿ ಅಮ್ಮಾ" ಅಂದ. ಅವರು ಕೂರಲಿಲ್ಲ. ಎಲ್ಲಿಗೋ ಹೊರಟವರ ಹಾಗೆ ಟೋಪಿ, ಕೈಗವಸು ಹಾಕಿಕೊಂಡು ನಿಂತಿದ್ದರು. ಸೀಮೆಎಣ್ಣೆ ವಾಸನೆ ಬರುವವರೆಗೂ ನನಗೆ ಇದೆಲ್ಲ ಬರೀ ಬೆದರಿಕೆ ಅಂತಲೇ ಇತ್ತು.

ಅಪ್ಪ ನೇರವಾಗಿ ಕುದುರೆಗಳ ಹತ್ತಿರ ಓಡಿದರು. ಲಾಯದ ಕಮಾನಿನ ಕೆಳಗೆ ನಿಂತಿದ್ದವನು "ಓಡ್ಬೇಡ ಕೋಲ್ಮನ್, ಬಿದ್ದೀಯ. ಲಾಯ ಮುಟ್ಟಲ್ಲ ನಾವು. ಅಲ್ಲಿರೋದು ನಮ್ಮೋರು," ಅಂದ. ಅಂಗಳವೆಲ್ಲ ಕೆಂಪಗಾಗಿತ್ತು. ಎರಡು ಹೆಣ್ಣುಕುದುರೆಗಳು ಗೋಡೆಗೆ ಒದ್ದು ಒದ್ದು ಸುಸ್ತಾದವು. ಛಾವಣಿ ಬಿದ್ದಾಗ ಆದ ಸದ್ದು ಎಂಥದು ಅಂತ ಹೇಳಲಾರೆ. ಅಷ್ಟು ಹೊತ್ತು ಒದೆಯುತ್ತಿದ್ದ ಕುದುರೆಗಳು ಆ ಸದ್ದಿಗೆ ಗಪ್ಪನೆ ನಿಂತುಬಿಟ್ಟವು.

ಎಲ್ಲರೂ ಹೋದ ಮೇಲೆ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು "ಬನ್ನಿ ದೊರೆಸಾನಿ, ನಮ್ಮಲ್ಲಿ ಒಂದು ಕೋಣೆ ಇದೆ" ಅಂದರು. ಅವರು ಬಂದರು. ಕಮಾನು ದಾಟಿ, ಅಂಗಳದ ಗುಂಡುಕಲ್ಲಿನ ಮೇಲೆ ತಡವರಿಸಿಕೊಂಡು, ಸಾರೋಟು ನಿಲ್ಲಿಸುವ ಜಾಗದ ಪಕ್ಕದ ಏಣಿಮೆಟ್ಟಿಲು ಹತ್ತಿ ಲಾಯದ ಮೇಲಿನ ನಮ್ಮ ಅಟ್ಟಕ್ಕೆ ಬಂದರು. ಆ ಮೆಟ್ಟಿಲನ್ನು ಅವರು ಹತ್ತಿದ್ದು ಅದೇ ಮೊದಲು.

ಅಪ್ಪ ಕೊಟ್ಟಿದ್ದು ಅಮ್ಮನ ಕೋಣೆ, ಅಣ್ಣಾ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊದಿಕೆ ಹಾಸಿ ಆಗಿತ್ತು.

ನಿನ್ನ ತಂಗಿ,
ಡೀಲಿಯಾ


ಲಿವರ್‌ಪೂಲ್
4 ಮಾರ್ಚ್ 1923

ಡೀಲಿಯಾ,

ಕಾಗದ ಸಿಕ್ಕಿತು. ಮನೆ ಸುಟ್ಟ ವಿಷಯ ಬಂದರಿನಲ್ಲಿ ಕೆಲಸ ಮಾಡುವ ನಮ್ಮೂರ ಕಡೆಯವನೊಬ್ಬ ಮೊದಲೇ ಹೇಳಿದ್ದ. ಅದಕ್ಕೆ ನಾನು ಬೆಚ್ಚಲಿಲ್ಲ. ನಿನ್ನ ಕಾಗದದ ಕೊನೆಯ ಸಾಲಿಗೆ ಬೆಚ್ಚಿದೆ. ಎರಡು ಸಲ ಓದಿ, ಹೆಂಡತಿ ವಿನಿಫ್ರೆಡ್ ಕೈಗೆ ಕೊಟ್ಟು, ನಾನು ಓದಿದ್ದು ಸರಿಯಾ ಅಂತ ಕೇಳಿದೆ.

ಆ ಹೆಂಗಸು ಅಮ್ಮನ ಹಾಸಿಗೆಯಲ್ಲಿ ಮಲಗುತ್ತಾಳೆ.

ನೀನು ಆಗ ಚಿಕ್ಕವಳೇನಲ್ಲ, ನಿನಗೂ ನೆನಪಿರಬೇಕು. ಹನ್ನೊಂದನೇ ಇಸವಿಯ ಚಳಿಗಾಲ. ಡಾಕ್ಟರು ಅಮ್ಮನನ್ನು ನೋಡಲು ಬಂದು, ಈ ಕೋಣೆಯಲ್ಲಿ ಗಾಳಿಯೇ ಇಲ್ಲ, ಇರುವ ಒಂದು ಗೂಡುಕಿಟಕಿ ಸಗಣಿ ಗುಂಡಿಯ ಮೇಲೆ ತೆರೆಯುತ್ತೆ, ಇವಳ ಎದೆಗೆ ಒಳ್ಳೆ ಗಾಳಿ ಬೇಕು ಅಂದರು. ಆಚೆ ಗೋಡೆಯಲ್ಲಿ, ಹುಲ್ಲುಹಾಸಿನ ಕಡೆ, ಆರು ಕಿಟಕಿ. ಬಿಳಿ ಚೌಕಟ್ಟು, ಥಳಥಳಿಸುವ ಗಾಜು. ಗಾಜಿನ ಹಿಂದೆ ಕಪ್ಪು ಬಳಿದ ಗೋಡೆ. ದೊಡ್ಡಮನೆಯಲ್ಲಿ ಕೂತವರ ಕಣ್ಣಿಗೆ ಚಂದ ಕಾಣಬೇಕು, ಆದರೆ ಒಳಗಿರುವ ಕುದುರೆಯಾಳು ಅವರ ಹುಲ್ಲುಹಾಸನ್ನು ನೋಡಬಾರದು. ಹಾಗೆಂದೇ ಕಟ್ಟಿದ್ದು.

ಒಂದನ್ನು, ಬರೀ ಒಂದನ್ನು ನಿಜವಾದ ಕಿಟಕಿ ಮಾಡಿಕೊಡಿ ಅಂತ ಅಪ್ಪ ಹೋಗಿ ಕೇಳಿದರು. ವಾಪಸು ಬಂದು ಏನು ಹೇಳಿದರು? "ದೊರೆಸಾನಿ ಬೇಡ ಅಂದ್ರು. ಕಟ್ಟಡದ ಮುಖ ಕೆಡುತ್ತಂತೆ." ಅಮ್ಮನನ್ನು ಮಣ್ಣು ಮಾಡಿದ ವಾರದಲ್ಲೇ ನಾನು ಹಡಗು ಹತ್ತಿದೆ. ಹೊರಡುವಾಗ, ಇನ್ನೂ ಇವರ ಕುದುರೆ ಉಜ್ಜುತ್ತೀಯಾ ಅಂತ ಅಪ್ಪನನ್ನು ಕೇಳಿದ್ದೆ. ಅವತ್ತಿನಿಂದ ನಾನು ಅವರಿಗೆ ಒಂದಕ್ಷರ ಬರೆದಿಲ್ಲ.

ಇರಲಿ. ಮಲಗಲಿ ಆಕೆ ಅಲ್ಲೇ. ಉಸಿರಾಡಿ ನೋಡಲಿ.

ಫೆಸ್ಟಸ್


ಕಿಲ್‌ಕೊರನ್ ಲಾಯ
19 ಮಾರ್ಚ್ 1923

ಅಣ್ಣಾ,

ನಿನ್ನ ಕಾಗದ ಏಪ್ರನ್ನಿನ ಜೇಬಿನಲ್ಲೇ ಇದೆ. ಅಪ್ಪನಿಗೆ ತೋರಿಸಿಲ್ಲ. ಈಗ ನಾನು ಬರೆಯುವುದನ್ನು ಕೋಪ ಬದಿಗಿಟ್ಟು ಓದು.

ದೊರೆಸಾನಿಗೆ ಹೊಗೆ ಕುಡಿದದ್ದಕ್ಕೋ ಏನೋ ಕೆಮ್ಮು ಹತ್ತಿದೆ. ಹಾಗಂತ ಗೊಣಗುವ ಪೈಕಿ ಅಲ್ಲ. ನಾನು ಕೊಟ್ಟ ಆಲೂಗಡ್ಡೆ, ಹಂದಿಮಾಂಸ ತಿನ್ನುತ್ತಾರೆ, ತಟ್ಟೆಯನ್ನು ತಾವೇ ಕೆಳಗೆ ತಂದಿಡುತ್ತಾರೆ. ಮೊದಮೊದಲು ಮೆಟ್ಟಿಲಿನ ತೊಲೆಗೆ ದಿನಾ ತಲೆ ಬಡಿದುಕೊಳ್ಳುತ್ತಿದ್ದರು. ಕುದುರೆಗಳ ಕಡೆ ಛಾವಣಿ ಎಷ್ಟು ಎತ್ತರ, ಚರ್ಚಿನ ಹಾಗೆ ಕಮಾನು ಕಟ್ಟಿದ್ದಾರೆ; ನಮ್ಮ ಕಡೆ ಎಷ್ಟು ತಗ್ಗು ಅಂತ ನಿನಗೆ ಗೊತ್ತಲ್ಲ. ಒಂದು ದಿನ ಅಂಗಳದ ನಡುವೆ ನಿಂತು ಆ ಕಡೆ ಈ ಕಡೆ ನೋಡಿ "ಇದನ್ನ ಕಟ್ಟಿದೋನಿಗೆ ಕುದುರೆ ಮೇಲೆ ತುಂಬ ಪ್ರೀತಿ ಇದ್ದಿರಬೇಕು" ಅಂದರು. ನಾನು ಪಂಪು ಒತ್ತಿ ನೀರು ತುಂಬಿಸಿಕೊಂಡೆ.

ಮೊನ್ನೆ ಶನಿವಾರ ಬೆಳಿಗ್ಗೆ ಚಹಾ ಕೊಂಡು ಹೋದೆ. ಹಾಸಿಗೆಯಲ್ಲಿ ಕೂತು ಎದೆ ಒತ್ತಿಕೊಳ್ಳುತ್ತಿದ್ದರು.

"ಡೀಲಿಯಾ, ಹುಲ್ಲುಹಾಸಿನ ಕಡೆ ಕಿಟಕಿ ತೆಗಿತೀಯಾ? ಸ್ವಲ್ಪ ಗಾಳಿ ಬರಲಿ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಸಿಟ್ಟೂ ಬಂತು.

"ಆ ಕಡೆ ಕಿಟಕಿ ಇಲ್ಲ ದೊರೆಸಾನಿ."

"ಇದೆ ಕಣಮ್ಮ. ಆರಿದೆ. ಹೊಸದಾಗಿ ಮದುವೆಯಾಗಿ ಬಂದಾಗಿನಿಂದ ದಿನಾ ನೋಡಿದೀನಿ." ಗೋಡೆಯ ಮೇಲಿನ ಮಾತೆ ಮರಿಯಳ ಪಟ ತೋರಿಸಿ "ಇದರ ಹಿಂದೆ ಮುಚ್ಚಿಬಿಟ್ಟಿದೀರೇನೋ. ಚಳಿಗಾ?" ಅಂದರು.

ನಾನು ಅವರ ಶಾಲು ತೆಗೆದುಕೊಟ್ಟೆ. ಕೆಳಗಿಳಿದು, ಕಮಾನು ದಾಟಿ, ಗೋಡೆಯನ್ನು ಬಳಸಿ, ಮುಳ್ಳುಬೇಲಿಯ ಸಂದಿಯಲ್ಲಿ ಕರೆದುಕೊಂಡು ಹೋದೆ. ಆ ಕಡೆ ದಾರಿಯೇ ಇಲ್ಲ. ಬಣ್ಣ ಬಳಿಯುವವರನ್ನು ಬಿಟ್ಟರೆ ಯಾರೂ ಹೋಗುವುದಿಲ್ಲ. ಸಗಣಿ, ಗಾಡಿ, ಆಳು ಯಾವುದೂ ದೊಡ್ಡಮನೆಗೆ ಕಾಣಬಾರದು ಅಂತ ಅಂಗಳವನ್ನು ತಗ್ಗಿನಲ್ಲಿ ಅಗೆದು ಕಟ್ಟಿದ್ದಲ್ಲವೇ, ಅದಕ್ಕೆ ಆಚೆ ಬದಿ ನೆಲ ಎತ್ತರ. ನಮ್ಮ ಅಟ್ಟದ ಕೋಣೆಗಳು ಅಲ್ಲಿ ಎದೆಮಟ್ಟಕ್ಕೆ ಬರುತ್ತವೆ.

ಮೊದಲ ಕಿಟಕಿಗೆ ಹೋಗಿ, ಕಣ್ಣಿನ ಎರಡೂ ಬದಿಗೆ ಅಂಗೈ ಮರೆ ಮಾಡಿ ಗಾಜಿಗೆ ಮುಖ ಒತ್ತಿದರು. ಎರಡನೆಯದಕ್ಕೂ ಹಾಗೇ ಮಾಡಿದರು. ಮೂರನೆಯದು ಮೂಲೆ ಒಡೆದಿತ್ತು. ಅದರೊಳಗೆ ಬೆರಳು ತೂರಿಸಿದರು. ಒಂದು ಅಂಗುಲವೂ ಹೋಗಲಿಲ್ಲ. ಹೊರಗೆಳೆದಾಗ ಬೆರಳಿನ ತುದಿಯಲ್ಲಿ ಕಪ್ಪು ಪುಡಿ ಇತ್ತು.

"ಯಾರು ಮುಚ್ಚಿಸಿದ್ದು?"

"ಯಾರೂ ಮುಚ್ಚಿಸಿಲ್ಲ. ಕಟ್ಟಿದಾಗಿಂದ ಹೀಗೇ."

"ಆದರೆ ದೀಪ ಕಾಣ್ತಿತ್ತಲ್ಲ ಡೀಲಿಯಾ. ಸಂಜೆ ಹೊತ್ತು. ಆರೂ ಕಿಟಕಿಲಿ."

"ಸೂರ್ಯ ಮುಳುಗೋವಾಗ ಗಾಜು ಹೊಳೆಯುತ್ತೆ ದೊರೆಸಾನಿ."

ಒದ್ದೆ ಹುಲ್ಲಿನ ಮೇಲೆ ಹಾಗೇ ಕೂತುಬಿಟ್ಟರು, ಅಣ್ಣಾ. ಮನೆ ಉರಿಯುವಾಗ ಕುರ್ಚಿ ಕೊಟ್ಟರೂ ಕೂರದೆ ಇದ್ದವರು. ನನ್ನ ಮುಖ ನೋಡದೆ ಹೇಳಿದರು:

"ನಿಮ್ಮಮ್ಮ ಸಬೀನಾ ಮಲಗಿದ್ದ ಚಳಿಗಾಲ. ಯಾವ ಕಿಟಕಿ ಅವಳದು ಅಂತ ಕೇಳಿ ತಿಳ್ಕೊಂಡಿದ್ದೆ. ದಿನಾ ಸಂಜೆ ಟೀ ಹೊತ್ತಿಗೆ ನೋಡ್ತಿದ್ದೆ. ಬೆಳಕಿದೆ, ಎದ್ದು ಕೂತಿದಾಳೆ, ಹುಷಾರಾಗ್ತಿದಾಳೆ ಅಂದ್ಕೋತಿದ್ದೆ. ಅವಳು ಹೋದಳು ಅಂತ ಹೇಳಿದ ದಿನಾನೂ ಬೆಳಕಿತ್ತು."

ಆಗ ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂತು. ನುಂಗಿಕೊಂಡೆ. ಅದು ಯಾವ ಮಾತು ಅಂತ ನಿನಗೆ ಗೊತ್ತಾಗುತ್ತದೆ. ನಾನಾಗಿ ಅದನ್ನು ಬರೆಯಲಾರೆ.

ಡೀಲಿಯಾ


ಲಿವರ್‌ಪೂಲ್
30 ಮಾರ್ಚ್ 1923

ಡೀಲಿಯಾ,

ಮೊದಲು ನಂಬಲಿಲ್ಲ. ನಾಟಕ ಆಡುತ್ತಾಳೆ, ಈಗ ನಿಮ್ಮ ಸೂರಿನ ಕೆಳಗಿದ್ದಾಳಲ್ಲ, ಅದಕ್ಕೆ ಅಂತ ವಿನಿಫ್ರೆಡ್ ಹತ್ತಿರ ಕೂಗಾಡಿದೆ. ಅವಳು ತಣ್ಣಗೆ "ಹುಲ್ಲಿನ ಮೇಲೆ ಕೂತು ಆಡೋ ನಾಟಕ ಅಲ್ಲ ಅದು" ಅಂದಳು.

ನೀನು ಬರೆಯಲಾರದ್ದನ್ನು ನಾನು ಬರೆಯುತ್ತೇನೆ. ಆ ಕಿಟಕಿಗಳು ಸುಳ್ಳು ಅಂತಲೇ ಆಕೆಗೆ ಗೊತ್ತಿಲ್ಲದಿದ್ದರೆ, ಒಂದನ್ನು ನಿಜ ಮಾಡಿಕೊಡಿ ಅಂತ ಯಾರೂ ಆಕೆಯನ್ನು ಕೇಳಿಯೇ ಇಲ್ಲ.

ತೀರಿಹೋದ ಯಜಮಾನರನ್ನು ಕೇಳಿರಬಹುದೇ ಅಂತ ಯೋಚಿಸಿದೆ. ಆ ಚಳಿಗಾಲ ಟಿಂಡಲ್ ಸಾಹೇಬ ಊರಲ್ಲೇ ಇರಲಿಲ್ಲ. ಅವರ ಬೇಟೆಕುದುರೆಯನ್ನು ದಿನಾ ಅಡ್ಡಾಡಿಸುತ್ತಿದ್ದವನು ನಾನೇ. ಅಪ್ಪ ಆಕೆಯ ಹೆಸರನ್ನೇ ಹೇಳಿದ್ದು. "ದೊರೆಸಾನಿ ಬೇಡ ಅಂದ್ರು."

ಇನ್ನೊಂದು ನೆನಪಾಯಿತು. ಅದರ ಹಿಂದಿನ ವರ್ಷ ಕೆಂಪು ಗಂಡುಕುದುರೆಗೆ ಕೆಮ್ಮು ಬಂದಾಗ ಅಪ್ಪ ಅದೇ ದಿನ ದೊಡ್ಡಮನೆಗೆ ಹೋದರು, ಕೇಳಿದರು, ವಾರದೊಳಗೆ ಲಾಯದ ನೆತ್ತಿಯಲ್ಲಿ ಗಾಳಿಗಿಂಡಿ ಕೊರೆಸಿದರು. ನಾನೇ ಏಣಿ ಹಿಡಿದಿದ್ದೆ.

ಕೇಳು ಅಪ್ಪನನ್ನ. ನನ್ನ ಹೆಸರು ಹೇಳಿ ಬೇಕಾದರೂ ಕೇಳು.

ಫೆಸ್ಟಸ್


ಕಿಲ್‌ಕೊರನ್ ಲಾಯ
29 ಏಪ್ರಿಲ್ 1923

ಅಣ್ಣಾ,

ಈಸ್ಟರ್ ಮುಗಿಯಲಿ ಅಂತ ಕಾದೆ. ಆಮೇಲೆ ಮರಿ ಹಾಕುವ ಕುದುರೆ ಇದೆ, ಅದಾಗಲಿ ಅಂತ ಕಾದೆ. ಕೊನೆಗೆ ಕಾಯಲು ಏನೂ ಉಳಿಯಲಿಲ್ಲ.

ಮಧ್ಯಾಹ್ನದ ಮೇಲೆ ಅಪ್ಪ ಜೀನಿನ ಕೋಣೆಯಲ್ಲಿ ಕೂತು ಕುದುರೆಯ ಕೊರಳಪಟ್ಟಿಗೆ ಎಣ್ಣೆ ಉಜ್ಜುತ್ತಿದ್ದರು. ಎಳೆಯುವ ಸಾರೋಟೇ ಇಲ್ಲ, ಆದರೂ ಉಜ್ಜುತ್ತಾರೆ. ನಾನು ಬಾಗಿಲಿಗೆ ಒರಗಿ ನಿಂತು ಕೇಳಿದೆ.

"ಅಪ್ಪ, ಅಮ್ಮನಿಗೆ ಕಿಟಕಿ ಬೇಕು ಅಂತ ದೊರೆಸಾನಿನ ಕೇಳಿದ್ರಾ ನೀವು?"

ಕೈ ನಿಲ್ಲಲಿಲ್ಲ. ಉಜ್ಜುತ್ತಲೇ ಇದ್ದರು.

"ಹೋಗಿದ್ದೆ," ಅಂದರು.

"ಹೋಗಿದ್ದು ಗೊತ್ತು. ಕೇಳಿದ್ರಾ?"

"ಅಡುಗೆಮನೆ ದಾಟಿದೆ. ಓಣಿ ದಾಟಿದೆ. ಆ ಹಸಿರು ಬಟ್ಟೆ ಹೊಡೆದ ಬಾಗಿಲು ಇತ್ತಲ್ಲ, ಅದರಾಚೆಗೆ ಅವರ ಮನೆ. ಅದರ ಮೇಲೆ ಕೈ ಇಟ್ಟೆ. ಒಳಗೆ ನೆಂಟರಿದ್ರು, ಯಾರೋ ಪಿಯಾನೋ ನುಡಿಸ್ತಿದ್ರು. ಕೆಸರು ಹತ್ತಿದ ಬೂಟ್ ನೋಡ್ಕೊಂಡೆ. ಇವತ್ತು ಬೇಡ, ನಾಳೆ ಬರೋಣ ಅಂತ ತಿರುಗಿದೆ."

"ನಾಳೆ ಹೋದ್ರಾ?"

ತಲೆ ಅಲ್ಲಾಡಿಸಿದರು, ಇಲ್ಲ ಅಂತ.

"ಮತ್ತೆ ಅವರು ಬೇಡ ಅಂದ್ರು ಅಂತ ಯಾಕೆ ಹೇಳಿದ್ರಿ?" ಅಂದೆ.

"ಏನಂದ್ರು ಅಂತ ನಿಮ್ಮಮ್ಮ ಕೇಳಿದ್ಲಲ್ಲ. ಬೇಡ ಅಂದ್ರು ಅಂದ್ರೆ ಅವರನ್ನ ಬೈಕೋತಾಳೆ. ನಾನು ಕೇಳ್ಲೇ ಇಲ್ಲ ಅಂದ್ರೆ ನನ್ನ ಮುಖ ನೋಡ್ತಾಳೆ."

"ಕುದುರೆಗೆ ಕೇಳಿದ್ರಿ. ಫೆಸ್ಟಸ್ ಏಣಿ ಹಿಡಿದಿದ್ದನಂತೆ."

ಆಗ ಕೈ ನಿಂತಿತು. ಮೊದಲ ಸಲ ತಲೆ ಎತ್ತಿದರು.

"ಕುದುರೆ ಅವರದು ಡೀಲಿಯಾ. ಅವರದಕ್ಕೆ ಅವರನ್ನ ಕೇಳೋದು ಸುಲಭ. ಇವಳು ನನ್ನವಳು."

ನಾನು ಅಂಗಳಕ್ಕೆ ಬಂದೆ. ಪಂಪಿನ ಹತ್ತಿರ ನಿಂತೆ. ಮಗಳಾಗಿ ಹನ್ನೆರಡು ವರ್ಷ ಇವರಿಗೆ ಅಡುಗೆ ಮಾಡಿ ಹಾಕಿದ್ದೇನೆ, ಕೆಮ್ಮಿದರೆ ಕಷಾಯ ಕಾಸಿದ್ದೇನೆ, ರಾತ್ರಿ ಜಪಮಾಲೆಗೆ ಪಕ್ಕದಲ್ಲಿ ಮಂಡಿಯೂರಿದ್ದೇನೆ. ಪ್ರತಿ ರಾತ್ರಿ ಅಮ್ಮನ ಹೆಸರು ಬಂದಾಗ ಅವರ ದನಿ ತಗ್ಗುತ್ತಿತ್ತು. ದುಃಖಕ್ಕೆ ಅಂದುಕೊಂಡಿದ್ದೆ.

ಕಿಟಕಿ ಇದ್ದಿದ್ದರೆ ಅಮ್ಮ ಬದುಕುತ್ತಿದ್ದಳಾ? ಡಾಕ್ಟರು ಆಗಲೂ ಹಾಗೇನೂ ಹೇಳಿರಲಿಲ್ಲ. ಬೇಸಿಗೆವರೆಗಾದರೂ ಇರುತ್ತಿದ್ದಳೇನೋ. ನನಗೆ ಗೊತ್ತಿಲ್ಲ. ನೀನಾದರೂ ಏನಾದರೂ ಬರಿ. ಬೈದಾದರೂ ಬರಿ.

ಡೀಲಿಯಾ


ಕಿಲ್‌ಕೊರನ್ ಲಾಯ
24 ಜೂನ್ 1923

ಅಣ್ಣಾ,

ನಿನ್ನ ಕಾಗದ ಬರಲಿಲ್ಲ. ಅಂಚೆಯವನು ಕಮಾನಿನೊಳಗೆ ಸೈಕಲ್ ತಿರುಗಿಸಿದಾಗಲೆಲ್ಲ ಅಪ್ಪ ಲಾಯದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ನಿನಗೆ ಬರೆದಿದ್ದೇನೆ ಅಂತ ಅವರಿಗೆ ಗೊತ್ತು. ಏನಂತೆ ಅಂತ ಕೇಳುವುದಿಲ್ಲ.

ಇಲ್ಲಿ ಆದದ್ದು ಹೇಳುತ್ತೇನೆ. ಜೀನಿನ ಕೋಣೆಯ ಮೇಲೇ ಅಮ್ಮನ ಕೋಣೆ ಇರುವುದು, ಹಲಗೆಯ ಸಂದಿಯಲ್ಲಿ ಪಿಸುಮಾತೂ ಕೇಳುತ್ತದೆ. ನಾನು ಅಪ್ಪನನ್ನು ಕೇಳಿದ ದಿನ ಅದು ನನ್ನ ತಲೆಗೇ ಬರಲಿಲ್ಲ. ಮಾರನೆಯ ದಿನ ದೊರೆಸಾನಿ ಕೆಳಗೆ ಬಂದು, ಅಪ್ಪನ ಎದುರು ನಿಂತು, "ಕೋಲ್ಮನ್, ಆ ಗೋಡೆ ಒಡೆಯೋಕೆ ಯಾರನ್ನ ಕರೀಬೇಕು?" ಅಂತ ಕೇಳಿದರು. ಅಷ್ಟೇ. ಅಪ್ಪನ ಮುಖ ಸುಣ್ಣದ ಹಾಗಾಯಿತು.

"ಯಾರೂ ಬೇಡ ದೊರೆಸಾನಿ. ನಾನೇ ಒಡೀತೀನಿ," ಅಂದರು.

ಎಪ್ಪತ್ತರ ಹತ್ತಿರದ ಮುದುಕ, ಹಾರೆ ಹಿಡಿದುಕೊಂಡು ಅಟ್ಟ ಹತ್ತಿದರು. ಮೇಲಿನ ತೊಲೆಕಲ್ಲು ಜಾರದ ಹಾಗೆ ಗಾರೆಯವನೊಬ್ಬ ಬಂದು ಮರದ ಕಂಬದ ಆಸರೆ ಕೊಟ್ಟ; ಮಿಕ್ಕದ್ದು ಅಪ್ಪನದೇ. ನಾನು ಪಟ ಇಳಿಸಿದೆ. ಗೋಡೆಯ ಮೇಲೆ ಅದಿದ್ದ ಜಾಗ ಬೆಳ್ಳಗಿತ್ತು, ಸುತ್ತ ಹೊಗೆ ಹಿಡಿದು ಕಂದು. ನಮ್ಮ ತಾತಂದಿರ ಕಾಲದ ಸುಣ್ಣಗಾರೆ, ಮೊದಲ ಕಲ್ಲು ಅಲುಗಿಸಲು ಒಂದು ಬೆಳಗು ಹಿಡಿಯಿತು. ಸಹಾಯಕ್ಕೆ ಹೋದ ಗಾರೆಯವನನ್ನು ಗದರಿಸಿದರು. "ದೂರ ನಿಲ್ಲಯ್ಯ, ನಿನ್ನ ಕೆಲಸ ಅಲ್ಲ ಇದು." ಅಂಗೈ ಒಡೆದು ಹಾರೆಗೆ ರಕ್ತ ಹತ್ತಿತ್ತು. ದೊರೆಸಾನಿ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು, ಸಾಕು ಅಂತ ಒಮ್ಮೆಯೂ ಹೇಳಲಿಲ್ಲ.

ಮೂರನೆಯ ದಿನ ಕೊನೆಯ ಕಲ್ಲು ಆಚೆಗೆ ಬಿತ್ತು, ಗಾಜನ್ನೂ ಚೌಕಟ್ಟನ್ನೂ ಮುರಿದುಕೊಂಡು. ಗಾಳಿ ಬಂತು, ಅಣ್ಣಾ. ಬರೀ ಗಾಳಿ, ಹುಲ್ಲಿನ ವಾಸನೆಯದು. ಆ ಕೋಣೆಗೆ ಅಂಥ ಗಾಳಿ ಬರಬಹುದು ಅಂತ ನಾನು ಯಾವತ್ತೂ ನೆನೆಸಿರಲಿಲ್ಲ. ಒಳ್ಳೆಯದಾಯಿತು ಅನ್ನುವ ಬದಲು ಹೆದರಿಕೆಯಾಯಿತು. ಅಮ್ಮನ ಹಾಸಿಗೆಯ ಮೇಲೆ ನೇರವಾಗಿ ಬಿಸಿಲು ಬಿತ್ತು. ಹೊರಗೆ ನೋಡಿದರೆ ಹುಲ್ಲುಹಾಸು, ಅದರಾಚೆ ದೊಡ್ಡಮನೆ. ಛಾವಣಿ ಇಲ್ಲ. ಅದರ ಕಿಟಕಿಗಳಲ್ಲೆಲ್ಲ ಆಕಾಶ ಕಾಣುತ್ತಿತ್ತು.

ಅಪ್ಪ ಹಾರೆ ಕೆಳಗಿಟ್ಟು, ಹಾಸಿಗೆಯನ್ನು ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದರು. ಅವತ್ತಿನಿಂದ ಆ ಕೋಣೆಗೆ ಕಾಲಿಟ್ಟಿಲ್ಲ. ದೊರೆಸಾನಿಯ ಕೆಮ್ಮು ಹದಿನೈದು ದಿನದಲ್ಲಿ ನಿಂತಿತು. ಅದನ್ನು ಅಪ್ಪನಿಗೆ ಹೇಳಬಾರದಿತ್ತು. ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ ಬಂತು. ತಟ್ಟೆ ಬಿಟ್ಟು ಎದ್ದರು.

ಬರಿ ಅಣ್ಣಾ.

ಡೀಲಿಯಾ


ಲಿವರ್‌ಪೂಲ್
12 ಆಗಸ್ಟ್ 1923

ಡೀಲಿಯಾ,

ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ನಿಲ್ಲುತ್ತಿತ್ತು. ಅದಕ್ಕೇ ತಡ.

ನನ್ನ ಮಕ್ಕಳಿಗೆ ಅಜ್ಜಿಯ ಕಥೆ ಹೇಳಿದ್ದೇನೆ. ಮಲಗುವ ಹೊತ್ತಿನಲ್ಲಿ ಬೇರೆಯವರ ಮನೆಯಲ್ಲಿ ರಾಜಕುಮಾರಿಯ ಕಥೆ ಹೇಳುತ್ತಾರೆ, ನಾನು ಇದನ್ನು ಹೇಳುತ್ತಿದ್ದೆ. ಆರು ಕಿಟಕಿ ಚಂದ ಕಾಣಲಿ ಅಂತ ನಿಮ್ಮಜ್ಜಿಯನ್ನು ಉಸಿರುಗಟ್ಟಿಸಿದ ಹೆಂಗಸು ಅಂತ. ದೊಡ್ಡವಳು, ಅವಳಿಗೂ ಸಬೀನಾ ಅಂತಲೇ ಹೆಸರು, ಮೊನ್ನೆ ಕೇಳಿದಳು: "ಆ ಕೆಟ್ಟ ಹೆಂಗಸಿನ ಮನೆ ಸುಟ್ಟುಹೋಯ್ತಂತಲ್ಲ, ಒಳ್ಳೇದಾಯ್ತಲ್ವಾ ಅಪ್ಪ?" ಅವಳಿಗೆ ಏನು ಹೇಳಲಿ? ಆ ಕೆಟ್ಟವರು ಬೇರೆ ಯಾರೋ ಅಂತಲೋ? ನಿಮ್ಮಜ್ಜ ಅಂತಲೋ?

ಹನ್ನೆರಡು ವರ್ಷ ಒಂದೇ ದಿಕ್ಕಿಗೆ ಕಲ್ಲು ಬೀಸಿದ್ದೇನೆ, ಡೀಲಿಯಾ. ಈಗ ತೋಳು ನೋಯುತ್ತಿದೆ, ಆದರೆ ಯಾವ ಕಡೆ ತಿರುಗಬೇಕು ಅಂತ ತಿಳಿಯುತ್ತಿಲ್ಲ. ಅಪ್ಪನನ್ನು ಬೈದು ಒಂದು ಕಾಗದ ಬರೆದೆ. ವಿನಿಫ್ರೆಡ್ ಅದನ್ನು ಓದಿ "ಅಂಗೈ ವಾಸಿಯಾಯ್ತಾ ಅವರದು?" ಅಂತ ಕೇಳಿದಳು. ಒಲೆಗೆ ಹಾಕಿದೆ.

ಅಂಗೈ ವಾಸಿಯಾಯಿತಾ?

ಫೆಸ್ಟಸ್


ಕಿಲ್‌ಕೊರನ್ ಲಾಯ
7 ಅಕ್ಟೋಬರ್ 1923

ಅಣ್ಣಾ,

ಅಂಗೈ ವಾಸಿಯಾಗಿದೆ. ನೀನು ಕೇಳಿದ್ದೀಯ ಅಂತ ಅಪ್ಪನಿಗೆ ಹೇಳಿದೆ. ಎರಡೂ ಕೈ ಮಗುಚಿ ನೋಡಿಕೊಂಡು, ಜೇಬಿಗೆ ಹಾಕಿಕೊಂಡರು.

ದೊರೆಸಾನಿ ಗುರುವಾರ ಇಲ್ಲಿಂದ ಹೊರಟರು. ಮಗ ಗಾಡ್‌ಫ್ರೀ ಇಂಗ್ಲೆಂಡಿನಿಂದ ಬಂದಿದ್ದ. ಇಷ್ಟು ದಿನ ತಾಯಿ ಎಲ್ಲಿದ್ದಳು ಅಂತ ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ತೊಲೆಗೆ ತಲೆ ಹೊಡೆದುಕೊಂಡು "ಮಮ್ಮಾ, ಇಲ್ಲಿ ಮನುಷ್ಯರು ಇರ್ತಾರಾ?" ಅಂದ. ಅವರು "ಹೌದು, ಇದೋ ಇವಳು ಇಲ್ಲೇ ಹುಟ್ಟಿದ್ದು" ಅಂತ ನನ್ನ ಕಡೆ ಕೈ ತೋರಿಸಿದರು. ಪಾಪ, ಕಿವಿ ಕೆಂಪಾಯಿತು ಅವನಿಗೆ.

ಹೊರಡುವ ಬೆಳಿಗ್ಗೆ, ಗಾಡಿ ಬರುವುದಕ್ಕೆ ಮುಂಚೆ, ಕುದುರೆ ಹತ್ತಲು ಮೆಟ್ಟುವ ಕಲ್ಲಿನ ಮೇಲೆ ಕೂತಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಂಗಳ ತೊಳೆದಿತ್ತು, ನೀರು ನಡುವಿನ ಚರಂಡಿಗೆ ಹರಿಯುತ್ತಿತ್ತು. ತೋಟದಲ್ಲಿ ನೀನು ನೆಟ್ಟ ಸೇಬಿನ ಬಗ್ಗೆಯೋ, ಹವೆಯ ಬಗ್ಗೆಯೋ ಹೇಳುತ್ತಾರೆ ಅಂದುಕೊಂಡೆ.

"ಡೀಲಿಯಾ, ಬೇಸಿಗೆಯೆಲ್ಲ ಒಂದೇ ವಿಷಯ ಯೋಚನೆ ಮಾಡಿದೀನಿ," ಅಂದರು. "ಅವತ್ತು ನಿಮ್ಮಪ್ಪ ಆ ಬಾಗಿಲು ತಳ್ಳಿ ಒಳಗೆ ಬಂದು ನನ್ನ ಕೇಳಿದ್ರೆ ಏನಾಗ್ತಿತ್ತು ಅಂತ."

ಹರಿಯುವ ನೀರನ್ನೇ ನೋಡುತ್ತಾ ಮುಂದುವರಿಸಿದರು.

"ಖಂಡಿತ ಮಾಡಿಸ್ತಿದ್ದೆ ಅಂತ ಮೊದಲು ಅಂದ್ಕೊಂಡೆ. ಎಷ್ಟೋ ದಿನ ಹಾಗೇ ಅಂದ್ಕೊಂಡು ನಿದ್ದೆ ಮಾಡಿದೆ. ಆದರೆ ಅದು ನಿಜ ಅಲ್ಲ. ನೆಂಟರ ಎದುರಿಗೆ ಅವರು ಹಾಗೆ ಬಂದು ನಿಂತಿದ್ರೆ ನನಗೆ ಮುಜುಗರ ಆಗ್ತಿತ್ತು. ಯಜಮಾನರು ಬರಲಿ ಅಂತಿದ್ದೆ. ಅವರು ಬಂದ ಮೇಲೆ, ಒಂದು ಕಿಟಕಿ ತೆರೆದು ಐದು ಮುಚ್ಚಿದ್ರೆ ವಿಕಾರ ಕಾಣುತ್ತೆ ಅಂತ ನಾನೇ ಹೇಳ್ತಿದ್ದೆ. ಸೂಪ್ ಕಳಿಸ್ತಿದ್ದೆ. ಇನ್ನೊಂದು ಕಂಬಳಿ ಕಳಿಸ್ತಿದ್ದೆ. ಬೇಡ ಅಂತಲೇ ಅಂತಿದ್ದೆ, ಡೀಲಿಯಾ. ನಿಮ್ಮಪ್ಪ ನನ್ನ ಬಾಯಲ್ಲಿ ಇಟ್ಟ ಮಾತು ಸುಳ್ಳಲ್ಲ."

ಅಷ್ಟು ಹೇಳಿ ಕೈಗವಸಿನ ಗುಂಡಿ ಹಾಕಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ. ಹವೆ ಚೆನ್ನಾಗಿದೆ ಅಂದಷ್ಟೇ ಸಹಜವಾಗಿ ಹೇಳಿದರು. ಗಾಡಿ ಬಂತು, ಮಗ ಕೈ ಹಿಡಿದು ಹತ್ತಿಸಿದ, ಕಮಾನಿನ ಕೆಳಗೆ ಚಕ್ರದ ಸದ್ದು ಗುಡುಗಿ ನಿಂತಿತು. ನಾನು ಕಲ್ಲಿನ ಮೇಲೆ ಕೂತೇ ಇದ್ದೆ. ಎದ್ದು ವಿದಾಯ ಹೇಳಬೇಕು ಅಂತಲೂ ಹೊಳೆಯಲಿಲ್ಲ.

ಎಷ್ಟು ಕೋಪ ಬಂತು ಗೊತ್ತಾ ನನಗೆ. ಯಾರ ಮೇಲೆ ಅಂತ ಹೇಳಲು ಬರುವುದಿಲ್ಲ. ಗೊತ್ತಿರಲಿಲ್ಲ ಅನ್ನುವ ನೆಪವೊಂದು ಉಳಿದಿತ್ತು ಅವರಿಗೆ, ಅದನ್ನೂ ತಾವೇ ತೆಗೆದು ನನ್ನ ಕೈಯಲ್ಲಿಟ್ಟು ಹೋದರು. ಅಪ್ಪನಿಗೆ ಹೇಳುವುದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಹೇಳಿದರೆ ಅವರಿಗೆ ಹಗುರವಾಗುತ್ತದೆ ಅನ್ನಿಸಿತು. ಹಗುರವಾಗಲಿ ಅಂತ ನನಗೆ ಮನಸ್ಸಿದೆಯಾ ಇಲ್ಲವಾ, ಅದೂ ತಿಳಿಯಲಿಲ್ಲ.

ಇವತ್ತು ಚರ್ಚಿನಲ್ಲಿ ಮಾಸ್ ಮುಗಿಸಿ ಬಂದ ಮೇಲೆ ಅಮ್ಮನ ಕೋಣೆ ಗುಡಿಸಲು ಹೋದೆ. ಅಪ್ಪ ಅಲ್ಲಿದ್ದರು. ಗೋಡೆ ಒಡೆದ ಮೇಲೆ ಇದೇ ಮೊದಲು. ಕಿಟಕಿಗೆ ಇನ್ನೂ ಬಾಗಿಲು ಹಚ್ಚಿಲ್ಲ, ಗೋಣಿ ಇಳಿಬಿಟ್ಟಿದ್ದೇವೆ. ಅದನ್ನು ಮೇಲೆತ್ತಿ ಹೊರಗೆ ನೋಡುತ್ತಾ ನಿಂತಿದ್ದರು. ನಾನು ಬಾಗಿಲಲ್ಲೇ ನಿಂತು, ದೊರೆಸಾನಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಬೇಡ ಅಂತಲೇ ಅಂತಿದ್ರಂತೆ ಅಪ್ಪ, ಅಂದೆ.

ತಿರುಗಲಿಲ್ಲ ಅವರು. ಗಾಳಿಗೆ ತಲೆಗೂದಲು ಅಲ್ಲಾಡುತ್ತಿತ್ತು.

"ಹೌದು, ಅಂತಿದ್ರು," ಅಂದರು. ಗೋಣಿಯನ್ನು ಇನ್ನಷ್ಟು ಮೇಲೆತ್ತಿ ಹೇಳಿದರು: "ಆದ್ರೂ ಕೇಳ್ಬೇಕಿತ್ತು ನಾನು. ಅದನ್ನ ಫೆಸ್ಟಸ್‌ಗೆ ಬರಿ."

ಬರೆದಿದ್ದೇನೆ.

ಡೀಲಿಯಾ